ಆಲೆಮನೆಯಿಂದ ಅಡುಗೆಮನೆಗೆ: ಚಿಕ್ಕ ಮಕ್ಕಳಿಗೆ ವಸ್ತು, ಸಂಪನ್ಮೂಲ, ದುಡಿಮೆ ಹೇಳಿಕೊಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮೈಸೂರು ಕಡೆಯ ಅಪ್ಪ ಅಮ್ಮಂದಿರು, ಅಂಗನವಾಡಿಯವರು, ಪ್ರೈಮರಿ ಶಾಲೆಯ ಮೇಷ್ಟ್ರು ಮತ್ತು ಮಿಸ್‌ಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು: ಒಂದು ವಸ್ತು ಹೇಗೆ ಆಗುತ್ತೆ, ಅದಕ್ಕೆ ಏನೇನು ಬೇಕು, ಯಾರು ಯಾರು ದುಡಿಯುತ್ತಾರೆ ಅಂತ ಮಕ್ಕಳಿಗೆ ಹೇಳಿಕೊಡುವುದು ಹೇಗೆ ಅಂತ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ. ನಾಲ್ಕರಿಂದ ಹತ್ತು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

## ಶುರು ಮಾಡುವವರಿಗೆ

ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಇದೆಲ್ಲ ಅವಳಿಗೆ ಅರ್ಥ ಆಗುತ್ತಾ?

ಆಗುತ್ತೆ. ಆದರೆ ಪೂರ್ತಿ ಕಥೆ ಬೇಡ. ನಾಲ್ಕು ವರ್ಷದ ಮಗುವಿಗೆ ಒಂದೇ ಹೆಜ್ಜೆ ಹಿಂದಕ್ಕೆ ಹೋದರೆ ಸಾಕು. ತಟ್ಟೆಯಲ್ಲಿರುವ ರೊಟ್ಟಿ ಹಿಟ್ಟಿನಿಂದ ಆಯಿತು, ಅಜ್ಜಿ ತಟ್ಟಿದರು. ಆರು ವರ್ಷಕ್ಕೆ ಎರಡು ಮೂರು ಹೆಜ್ಜೆ ಹಿಡಿಯುತ್ತಾರೆ: ರೊಟ್ಟಿ, ಹಿಟ್ಟು, ಗಿರಣಿ, ಅಕ್ಕಿ. ಎಂಟರ ಹೊತ್ತಿಗೆ ಆ ಗಿರಣಿಗೆ ಕರೆಂಟು ಎಲ್ಲಿಂದ ಬಂತು ಅಂತ ಅವರೇ ಕೇಳುತ್ತಾರೆ.

ಚಿಕ್ಕವರಿಗೆ ಹೆಜ್ಜೆಗಳ ಲೆಕ್ಕಕ್ಕಿಂತ ಮನುಷ್ಯರ ಮುಖ ಮುಖ್ಯ. "ಗಿರಣಿಯವರು ಬೀಸಿದರು" ಅನ್ನುವುದಕ್ಕಿಂತ, ನಿಮ್ಮ ಬೀದಿಯ ಗಿರಣಿ ಅಂಕಲ್ ಬೀಸಿದರು ಅಂದರೆ ಮಗುವಿಗೆ ನೆನಪಿರುತ್ತೆ. ಅವರ ರೆಪ್ಪೆಯ ಮೇಲೆ ಕೂತಿರುವ ಹಿಟ್ಟು ಸಹಿತ.

ಯಾವ ವಸ್ತುವಿನಿಂದ ಶುರು ಮಾಡ್ಲಿ? ಇಂಟರ್ನೆಟ್ಟಲ್ಲಿ ಎಲ್ಲರೂ ಪೆನ್ಸಿಲ್ ಉದಾಹರಣೆ ಕೊಡ್ತಾರೆ.

ಪೆನ್ಸಿಲ್ ಬಿಡಿ. ನಮ್ಮ ಕಡೆ ಪೆನ್ಸಿಲ್ ಆಗುವುದನ್ನು ಯಾವ ಮಗುವೂ ಕಣ್ಣಾರೆ ನೋಡುವುದಿಲ್ಲ. ಬೆಲ್ಲದಿಂದ ಶುರು ಮಾಡಿ. ಕಬ್ಬು ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ. ಅದು ಬೆಲ್ಲವಾಗುವುದನ್ನು ಒಂದೇ ಬೆಳಗ್ಗೆ ಮುಗಿಯುವಷ್ಟರಲ್ಲಿ ನೋಡಬಹುದು. ಕೊನೆಯಲ್ಲಿ ತಿನ್ನಬಹುದು. ಈ ಮೂರೂ ಒಟ್ಟಿಗೆ ಇರುವ ವಸ್ತು ಬೇರೆ ಹುಡುಕಿದರೂ ಸಿಗುವುದು ಕಷ್ಟ.

ಬೆಲ್ಲ ಆದ ಮೇಲೆ ಹಾಲು, ಆಮೇಲೆ ಅನ್ನ, ಆಮೇಲೆ ಬಟ್ಟೆ. ಮೊಬೈಲ್, ಟಿವಿ ಸದ್ಯಕ್ಕೆ ಬೇಡವೇ ಬೇಡ.

"ಹಾಲು ಎಲ್ಲಿಂದ ಬರುತ್ತೆ" ಅಂದ್ರೆ "ಅಂಗಡಿಯಿಂದ" ಅಂತಾನೆ. ನಗೋದಾ ಅಳೋದಾ?

ಎರಡೂ ಬೇಡ. ಅವನು ಹೇಳಿದ್ದು ಸುಳ್ಳಲ್ಲ, ಹಾಲು ಅಂಗಡಿಗೂ ಬಂದೇ ಬಂದಿದೆ. ಅವನ ಉತ್ತರವನ್ನೇ ಹಿಡಿದುಕೊಂಡು "ಸರಿ, ಅಂಗಡಿಗೆ ಯಾರು ತಂದುಕೊಟ್ಟರು?" ಅಂತ ಕೇಳಿ. ಬೆಳಗಿನ ಜಾವ ಕ್ರೇಟ್ ಇಳಿಸುವ ವ್ಯಾನ್ ತೋರಿಸಿ. ಒಂದು ದಿನ ಬೇಗ ಎಬ್ಬಿಸಿದರೆ ಆಯಿತು.

ಅಲ್ಲಿಂದ ಹಿಂದಕ್ಕೆ ಹೋಗುವ ದಾರಿ ಹೀಗಿದೆ. ಹಳ್ಳಿಯಲ್ಲಿ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಕರೆದು ಕ್ಯಾನಿನಲ್ಲಿ ಡೈರಿಗೆ ತರುತ್ತಾರೆ. ಅಲ್ಲಿ ಹಾಲು ಅಳೆದು, ಕೊಬ್ಬಿನ ಅಂಶ ಎಷ್ಟಿದೆ ಅಂತ ನೋಡುತ್ತಾರೆ. ದುಡ್ಡು ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳುತ್ತಾರೆ. ಹಾಲನ್ನು ತಣ್ಣಗೆ ಮಾಡಿ ಟ್ಯಾಂಕರಿಗೆ ತುಂಬುತ್ತಾರೆ. ಮಂಡ್ಯ ಜಿಲ್ಲೆಯ ಹಾಲಾದರೆ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಗೆ ಹೋಗುತ್ತೆ. ಅಲ್ಲಿ 72 ಡಿಗ್ರಿಗೆ ಕಾಯಿಸಿ 15 ಸೆಕೆಂಡ್ ಇಟ್ಟು, ತಕ್ಷಣ 4 ಡಿಗ್ರಿಗೆ ತಣಿಸುತ್ತಾರೆ. ಆಮೇಲೆ ಪ್ಯಾಕೆಟ್.

ಒಂದು ವಿಷಯ ಮರೆಯಬೇಡಿ. ಹಸು ಹಾಲು ಕೊಡುವುದು ಕರು ಹಾಕಿದ ಮೇಲೆ. ಆ ಹಾಲು ಮೊದಲು ಕರುವಿನದು. ಇದನ್ನು ಚಿಕ್ಕ ಮಕ್ಕಳಿಗೂ ಹೇಳಿ. ತುಂಬಾ ಮಕ್ಕಳು ಹಸು ಸುಮ್ನೆ ಹಾಲು ಕೊಡುವ ಪ್ರಾಣಿ ಅಂತಲೇ ತಿಳಿದಿರುತ್ತಾರೆ. ದೊಡ್ಡವರೂ ಕೆಲವರು!

ಪಾಠದಲ್ಲಿ ನೈಸರ್ಗಿಕ ಸಂಪನ್ಮೂಲ, ಮಾನವ ಸಂಪನ್ಮೂಲ ಅಂತೆಲ್ಲ ಇದೆ. ಎರಡನೇ ಕ್ಲಾಸಿಗೆ ಇದನ್ನ ಹೇಗೆ ಬಿಡಿಸಿ ಹೇಳೋದು?

ಪದ ಕೊನೆಗೆ ಹೇಳಿ, ವಿಂಗಡಿಸುವ ಆಟ ಮೊದಲು ಆಡಿಸಿ. ಮೂರು ಮಂಕರಿ ಇಡಿ, ಇಲ್ಲದಿದ್ದರೆ ನೆಲದ ಮೇಲೆ ಮೂರು ವೃತ್ತ ಬರೆಯಿರಿ. ಒಂದು ನೆಲ, ನೀರು, ಗಿಡ, ಪ್ರಾಣಿಯಿಂದ ಬಂದದ್ದಕ್ಕೆ. ಇನ್ನೊಂದು ಜನಕ್ಕೆ. ಮತ್ತೊಂದು ಸಲಕರಣೆಗೆ: ಕುಡುಗೋಲು, ಟ್ರ್ಯಾಕ್ಟರ್, ಒಲೆ, ಕೊಪ್ಪರಿಗೆ. ಬೆಲ್ಲಕ್ಕೆ ಬೇಕಾದ ಒಂದೊಂದನ್ನೂ ಚೀಟಿಯಲ್ಲಿ ಬರೆದು ಅಥವಾ ಚಿತ್ರ ಬಿಡಿಸಿ ಹಾಕಿಸಿ.

ಜಗಳ ಶುರುವಾಗುವುದು ನಾಲೆ ನೀರಿನ ಚೀಟಿ ಬಂದಾಗ. ನಿಜ ಹೇಳಬೇಕೆಂದರೆ ಆ ಜಗಳಕ್ಕಾಗಿಯೇ ಈ ಆಟ. ಕಾವೇರಿ ಪ್ರಕೃತಿಯದು. ಆದರೆ ಆ ನೀರು ಮಂಡ್ಯದ ಗದ್ದೆಗೆ ತಾನಾಗಿಯೇ ಬರಲಿಲ್ಲ. ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟಿನ, ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಮೊದಲಿನವರೆಗೂ ನಡೆಯಿತು. ಸಾವಿರಾರು ಜನ ಕಲ್ಲು ಹೊತ್ತರು. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ ಅರೆದರು. ಹಳೇ ಕನ್ನಂಬಾಡಿ ಮುಳುಗಿತು, ಅಲ್ಲಿದ್ದವರು ಊರು ಬಿಟ್ಟು ಬೇರೆ ಕಡೆ ಹೋದರು. ವಿಶ್ವೇಶ್ವರಯ್ಯ ಹೆಸರಿನ ನಾಲೆ ತೋಡಿದ ಮೇಲೆ ನೀರು ಬಂತು. ಹಾಗಾದರೆ ನಾಲೆ ನೀರು ಯಾವ ಮಂಕರಿಗೆ? ಮಕ್ಕಳು ಚೀಟಿಯನ್ನು ಮೂರು ತುಂಡು ಮಾಡಿ ಮೂರಕ್ಕೂ ಹಾಕಿದರೆ ಬೈಯಬೇಡಿ. ಅದು ಸರಿಯಾದ ಉತ್ತರವೇ.

ನಮ್ಮದು ನಲಿಕಲಿ ತರಗತಿ. ಒಂದು, ಎರಡು, ಮೂರನೇ ಕ್ಲಾಸಿನವರು ಒಟ್ಟಿಗೇ ಕೂತಿರ್ತಾರೆ. ಎಲ್ಲರಿಗೂ ಒಂದೇ ಪಾಠ ಮಾಡೋದು ಹೇಗೆ?

ವಸ್ತು ಒಂದೇ ಇರಲಿ, ಕೆಲಸ ಬೇರೆ ಬೇರೆ ಕೊಡಿ. ಒಂದನೇ ತರಗತಿಯವರು ಕಬ್ಬು, ಕಬ್ಬಿನ ಹಾಲು, ಬೆಲ್ಲ ಮೂರನ್ನೂ ಮುಟ್ಟಿ, ಮೂಸಿ, ಚಿತ್ರ ಬಿಡಿಸಲಿ. ಎರಡನೆಯವರು ಹೆಜ್ಜೆಗಳ ಕಾರ್ಡನ್ನು ಕ್ರಮಕ್ಕೆ ಜೋಡಿಸಲಿ. ಮೂರನೆಯವರು ಪ್ರತಿ ಕಾರ್ಡಿನ ಪಕ್ಕ ಆ ಕೆಲಸ ಮಾಡುವವರು ಯಾರು ಅಂತ ಬರೆಯಲಿ. ನಲಿಕಲಿ ಹುಟ್ಟಿದ್ದೇ ನಮ್ಮ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಕಾರ್ಡು ಹಿಡಿದು ಮಕ್ಕಳು ತಮ್ಮ ವೇಗಕ್ಕೆ ಕಲಿಯಲಿ ಅನ್ನುವ ಆ ಪದ್ಧತಿಗೆ ಈ ವಿಷಯ ಚೆನ್ನಾಗಿ ಹೊಂದುತ್ತೆ.

## ಹೊರಗೆ ಹೋಗಿ ನೋಡುವುದು

ಆಲೆಮನೆಗೆ ಕರ್ಕೊಂಡು ಹೋಗ್ಬೇಕು ಅಂತಿದೀವಿ. ಏನೇನು ತೋರಿಸೋದು? ಮಕ್ಕಳು ಬಿದ್ದು ಗಿದ್ದು ಮಾಡ್ಕೊಂಡ್ರೆ ಅಂತ ಭಯ.

ಭಯ ಇರಲಿ, ಅದು ಒಳ್ಳೆಯದೇ. ಆಲೆಮನೆಯಲ್ಲಿ ಅಪಾಯದ ಜಾಗ ಮೂರು: ಗಾಣದ ಉರುಳೆ ಮತ್ತು ಬೆಲ್ಟು, ಒಲೆಯ ಬಾಯಿ, ಕುದಿಯುವ ಕೊಪ್ಪರಿಗೆ. ಈ ಮೂರರ ಹತ್ತಿರ ಹಗ್ಗ ಹಿಡಿಸಿ, ಅದರಾಚೆ ಯಾರೂ ಕಾಲಿಡಬಾರದು ಅನ್ನಿ. ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು ಇರಲಿ. ಗಾಣಕ್ಕೆ ಕಬ್ಬು ಕೊಡಲು ಮಕ್ಕಳಿಗೆ ಯಾವ ಕಾರಣಕ್ಕೂ ಬಿಡಬೇಡಿ, ಮಾಲೀಕರೇ "ಪರವಾಗಿಲ್ಲ, ಕೊಡ್ಲಿ" ಅಂದರೂ.

ಮೊದಲೇ ಮಾತಾಡಿಕೊಂಡು ಹೋಗಿ. ಮಳೆ ಹಿಡಿದರೆ ಸಿಪ್ಪೆ ಒಣಗುವುದಿಲ್ಲ, ಒಲೆ ಉರಿಯುವುದಿಲ್ಲ, ಗಾಣ ನಿಂತಿರುತ್ತೆ.

ತೋರಿಸುವುದನ್ನು ಒಲೆಯಿಂದ ಶುರು ಮಾಡಬೇಡಿ, ಗದ್ದೆಯಿಂದ ಮಾಡಿ. ಕಬ್ಬು ನೆಟ್ಟು ಹತ್ತು ಹನ್ನೆರಡು ತಿಂಗಳಾಗಿರುತ್ತೆ. "ನಿನ್ನ ಹೋದ ಹುಟ್ಟುಹಬ್ಬದ ಹೊತ್ತಿಗೆ ಇದನ್ನು ನೆಟ್ಟಿದ್ದರು" ಅಂದರೆ ಮಗುವಿಗೆ ಕಾಲ ಅಳೆಯಲು ಬರುತ್ತೆ. ಆಮೇಲೆ ಗಾಣ. ಕಬ್ಬಿನ ಹಾಲು ಒಂದು ಕಡೆ, ಸಿಪ್ಪೆ ಒಂದು ಕಡೆ. ಆಮೇಲೆ ಸಿಪ್ಪೆ ಒಣಗಿಸುವ ಅಂಗಳ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಕಬ್ಬಿನ ಹಾಲನ್ನು ಕಾಯಿಸುವುದು ಅದೇ ಕಬ್ಬಿನ ಸಿಪ್ಪೆ! ಇದು ಗೊತ್ತಾದಾಗ ಮಕ್ಕಳಿಗೆ ಎಲ್ಲಿಲ್ಲದ ಆಶ್ಚರ್ಯ. ಗಾಣದಿಂದ ಬಂದ ಯಾವುದೂ ವ್ಯರ್ಥವಾಗುವುದಿಲ್ಲ ಅಂತ ನೀವು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಒಲೆಯ ಹತ್ತಿರ ಎರಡು ಥರದ ಕೆಲಸಗಾರರನ್ನು ಬೇರೆ ಬೇರೆಯಾಗಿ ತೋರಿಸಿ. ಒಬ್ಬರು ಒಲೆಗೆ ಸಿಪ್ಪೆ ಹಾಕುತ್ತಲೇ ಇರುತ್ತಾರೆ. ಉರಿ ಜಾಸ್ತಿಯಾದರೆ ಪಾಕ ಸೀದುಹೋಗುತ್ತೆ, ಕಡಿಮೆಯಾದರೆ ಬರುವುದೇ ಇಲ್ಲ. ಇನ್ನೊಬ್ಬರು ಕೊಪ್ಪರಿಗೆಯ ಮುಂದೆ ನಿಂತು ಮೇಲೆ ಬಂದ ಕೊಳೆ ನೊರೆ ತೆಗೆಯುತ್ತಾರೆ, ಸುಣ್ಣ ಹಾಕುತ್ತಾರೆ, ಕೆಲವು ಕಡೆ ಬೆಂಡೆ ಗಿಡದ ಲೋಳೆ ಹಾಕುತ್ತಾರೆ, ಕಸ ಎಲ್ಲ ಮೇಲೆ ಬರಲಿ ಅಂತ. ಪಾಕ ಬಂತೋ ಇಲ್ಲವೋ ಅಂತ ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡುತ್ತಾರೆ. ಅಲ್ಲಿ ಮೀಟರ್ ಇಲ್ಲ, ಗಡಿಯಾರ ಇಲ್ಲ. ಆ ಬೆರಳಿನ ಅನುಭವವೂ ಬೆಲ್ಲಕ್ಕೆ ಬೇಕಾದ ಒಂದು ಸಂಪನ್ಮೂಲ ಅಂತ ಮಕ್ಕಳಿಗೆ ಅಲ್ಲೇ ಹೇಳಿ.

ಲೆಕ್ಕ ಇಷ್ಟಪಡುವ ಮಕ್ಕಳಿದ್ದರೆ: 100 ಕಿಲೋ ಕಬ್ಬು ಅರೆದರೆ ಹೆಚ್ಚು ಕಮ್ಮಿ 10 ಕಿಲೋ ಬೆಲ್ಲ. ಉಳಿದ 90 ಕಿಲೋ ಎಲ್ಲಿ ಹೋಯಿತು? ಉತ್ತರ ಕಣ್ಣ ಮುಂದೆಯೇ ಇದೆ, ಸಿಪ್ಪೆ ಮತ್ತು ಹಬೆ.

ಕೆಲಸಗಾರರನ್ನು ಕೇಳಲು ಮೂರು ಪ್ರಶ್ನೆ ಮೊದಲೇ ಕಲಿಸಿ. ಈ ಕೆಲಸ ನಿಮಗೆ ಯಾರು ಕಲಿಸಿದರು? ಇದರಲ್ಲಿ ಯಾವುದು ಕಷ್ಟ? ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ? ಈಗ ಮಂಡ್ಯದ ಆಲೆಮನೆಗಳಲ್ಲಿ ಉತ್ತರ ಪ್ರದೇಶದ ಕಡೆಯಿಂದ ಬಂದು ದುಡಿಯುವವರೂ ಇದ್ದಾರೆ. ಹಿಂದಿ ಬರುವ ಒಬ್ಬರು ಜೊತೆಗಿದ್ದರೆ ಒಳ್ಳೆಯದು. ಅವರ ಊರು ಮ್ಯಾಪಿನಲ್ಲಿ ಎಲ್ಲಿದೆ ಅಂತ ವಾಪಸ್ ಬಂದ ಮೇಲೆ ಹುಡುಕಿಸಿ. ಪಾಕ ಸುರಿಯುವ ಹೊತ್ತಲ್ಲಿ ಮಾತ್ರ ಯಾರನ್ನೂ ಮಾತಾಡಿಸಬೇಡಿ. ಫೋಟೋ ತೆಗೆಯುವ ಮುಂಚೆ ಕೇಳಿ.

ನಾವಿರೋದು ಮೈಸೂರಲ್ಲಿ, ಅಪಾರ್ಟ್‌ಮೆಂಟ್. ಗದ್ದೆ ಇಲ್ಲ, ಆಲೆಮನೆ ಇಲ್ಲ. ಏನು ಮಾಡೋದು?

ಟೈಲರ್ ಅಂಗಡಿ ಇದೆ ಅಲ್ವಾ? ಬೇಕರಿ, ಹಿಟ್ಟಿನ ಗಿರಣಿ, ಎಣ್ಣೆ ಗಾಣ? ಮಗುವಿನದೇ ಬಟ್ಟೆ ಹೊಲಿಸಿ. ಅಳತೆ ಕೊಡುವುದರಿಂದ ಕಾಜಾ ಗುಂಡಿಯವರೆಗೆ ಎರಡು ಮೂರು ಸಲ ಹೋಗಿ ನೋಡಿದರೆ ಒಂದು ಪಾಠ ಮುಗಿಯಿತು. ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರ ಮುಂದೆ ಹತ್ತು ನಿಮಿಷ ನಿಲ್ಲಿಸಿ. ಊದುಬತ್ತಿ ನಿಮ್ಮ ಊರಿನದೇ ಹೆಸರಾದ ವಸ್ತು. ಬಿದಿರು ಕಡ್ಡಿ, ಇದ್ದಿಲ ಪುಡಿ, ಅಂಟಿನ ಪುಡಿ, ಸುವಾಸನೆ, ಮತ್ತೆ ಹೊಸೆಯುವ ಕೈ. ಆ ಕೈ ಬಹುಪಾಲು ಹೆಂಗಸರದು, ಎಷ್ಟೋ ಸಲ ಮನೆಯಲ್ಲೇ ಕೂತು ಮಾಡಿದ್ದು.

ಕಾಗದದ ನೋಟು ಇನ್ನೊಂದು. ನೋಟು ಮುದ್ರಿಸುವ ಮುದ್ರಣಾಲಯ ಮೈಸೂರಿನಲ್ಲಿದೆ, ನೋಟಿನ ಕಾಗದದ ಕಾರ್ಖಾನೆಯೂ ಇದೆ. ಒಳಗೆ ಯಾರನ್ನೂ ಬಿಡುವುದಿಲ್ಲ ಬಿಡಿ. ಆದರೆ ಆ ಕಾಗದ ಹತ್ತಿಯಿಂದ ಮಾಡಿದ್ದು ಅಂದರೆ ಮಕ್ಕಳು ಬಾಯಿ ಬಿಡುತ್ತಾರೆ. ಅಂಗಿಯೂ ಹತ್ತಿ, ಅಂಗಿ ಕೊಂಡ ನೋಟೂ ಹತ್ತಿ.

ಅಜ್ಜಿ ವೋಟು ಹಾಕಿ ಬಂದ ದಿನ ಅವರ ಬೆರಳು ನೋಡಿ. ಆ ಶಾಯಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯದು. 1937ರಲ್ಲಿ ಶುರುವಾದ ಕಾರ್ಖಾನೆ, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಶಾಯಿ ಕೊಡುತ್ತಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತೆ, ಅಂದರೆ ಬೆಳ್ಳಿಯ ಒಂದು ಲವಣ. ಬೆಳಕಿಗೆ ಚರ್ಮದ ಮೇಲೆ ಕಪ್ಪಾಗುತ್ತೆ, ತೊಳೆದರೆ ಹೋಗುವುದಿಲ್ಲ.

ಫ್ಯಾಕ್ಟರಿ ಒಳಗೆ ಮಕ್ಕಳನ್ನ ಬಿಡ್ತಾರಾ?

ಹೆಚ್ಚಿನ ಕಡೆ ಬಿಡುವುದಿಲ್ಲ, ಅದರಲ್ಲೂ ಚಿಕ್ಕವರನ್ನು. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆದು ಕೇಳಿ. ಸಿಗದಿದ್ದರೆ ಬೇಜಾರು ಬೇಡ. ಚಿಕ್ಕ ಮಕ್ಕಳಿಗೆ ದೊಡ್ಡ ಕಾರ್ಖಾನೆಯಲ್ಲಿ ಸದ್ದು ಮಾತ್ರ ನೆನಪಿರುತ್ತೆ.

ಸಕ್ಕರೆ, ಬೆಲ್ಲ ಎರಡೂ ಕಬ್ಬಿಂದಲೇ ತಾನೆ? ಒಂದು ಬಿಳಿ ಒಂದು ಕಂದು ಯಾಕೆ ಅಂತ ಕೇಳ್ತಾಳೆ.

ಬೆಲ್ಲದಲ್ಲಿ ಕಬ್ಬಿನ ಹಾಲಿನ ನೀರು ಮಾತ್ರ ಹೋಗಿ, ಉಳಿದದ್ದು ಬಹುಪಾಲು ಒಳಗೇ ಇರುತ್ತೆ. ಸಕ್ಕರೆಯಲ್ಲಿ ಹಾಗಲ್ಲ. ಗಟ್ಟಿಯಾದ ರಸದಿಂದ ಹರಳು ಕಟ್ಟಿಸಿ, ಗಿರಗಿರ ತಿರುಗುವ ಯಂತ್ರಕ್ಕೆ ಹಾಕಿ, ಅಂಟಿದ ಕಪ್ಪು ಕಾಕಂಬಿಯನ್ನು ಹೊರಗೆ ತೂರಿಸುತ್ತಾರೆ. ಬಿಳಿ ಹರಳು ಉಳಿಯುತ್ತೆ. ಜೊತೆಗೆ ಇದನ್ನೂ ಹೇಳಿ: ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಕೆಲವರು ಹೈಡ್ರೋಸ್ ಅನ್ನುವ ಬಣ್ಣ ತಿಳಿಯಾಗಿಸುವ ರಾಸಾಯನಿಕ ಪುಡಿ ಹಾಕಿರುತ್ತಾರೆ. ಗಿರಾಕಿ ಹೊಳಪು ಕೇಳುತ್ತಾರೆ, ಅದಕ್ಕೇ ಹಾಕುತ್ತಾರೆ.

## ಮಕ್ಕಳು ಕೇಳಿದಾಗ ನಾವು ತಡವರಿಸುವ ಪ್ರಶ್ನೆಗಳು

"ಎಲ್ಲಾ ಮಷೀನೇ ಮಾಡುತ್ತೆ" ಅಂತಾರೆ. ನಿಜವಾಗ್ಲೂ ಈಗ ಹಂಗೇ ಆಗಿದೆಯಲ್ಲ?

ಅರ್ಧ ನಿಜ. ಭತ್ತದ ಕೊಯ್ಲಿಗೆ ಮಷೀನು ಬಂದಿದೆ, ನಾಟಿಗೂ ಬಂದಿದೆ. ಅದನ್ನು ಮುಚ್ಚಿಡಬೇಡಿ. ಆದರೆ "ಮಷೀನು ಓಡಿಸೋರು ಯಾರು? ಕೆಟ್ಟರೆ ಯಾರು ಬರ್ತಾರೆ? ಡೀಸೆಲ್ ಎಲ್ಲಿಂದ?" ಅಂತ ಕೇಳುತ್ತಾ ಹೋಗಿ. ಜನ ಮಾಯವಾಗಿಲ್ಲ, ಬೇರೆ ಜಾಗಕ್ಕೆ ಹೋಗಿದ್ದಾರೆ ಅಂತ ಮಕ್ಕಳಿಗೆ ತಿಳಿಯುತ್ತೆ. ಸ್ವಲ್ಪ ದೊಡ್ಡವರಾದರೆ ಮುಂದಿನ ಮಾತೂ ಹೇಳಿ: ಮುಂಚೆ ನಾಟಿಗೆ ಇಡೀ ಗುಂಪು ಹೆಂಗಸರು ಬರುತ್ತಿದ್ದರು, ಈಗ ಮಷೀನಿನ ಜೊತೆ ಇಬ್ಬರೋ ಮೂವರೋ ಸಾಕು, ಉಳಿದವರು ಬೇರೆ ಕೆಲಸ ಹುಡುಕಬೇಕು.

ಕರೆಂಟಿನ ಪ್ರಶ್ನೆ ಬಂದರೆ ದೂರ ಹೋಗಬೇಡಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಚಿನ್ನದ ಬಳೆಯೊಳಗೆ ನಮ್ಮ ಹೊಳೆಯೂ ಇತ್ತು ಅನ್ನಿ, ಮಕ್ಕಳು ನಗುತ್ತಾರೆ, ಮರೆಯುವುದಿಲ್ಲ.

ರೇಷ್ಮೆ ಹುಳು ಸಾಯುತ್ತಾ ಅಂತ ಕೇಳಿದ್ಲು. ಏನು ಹೇಳ್ಬೇಕು ಗೊತ್ತಾಗಲಿಲ್ಲ, ಮಾತು ತಿರುಗಿಸಿಬಿಟ್ಟೆ.

ಮುಂದಿನ ಸಲ ನಿಜ ಹೇಳಿ. ಸಾಯುತ್ತೆ. ಆದರೆ ಅದೊಂದೇ ವಾಕ್ಯ ಹೇಳಿ ಬಿಟ್ಟರೆ ಮಗುವಿಗೆ ಸಂಕಟ ಮಾತ್ರ ಉಳಿಯುತ್ತೆ. ಮೊದಲಿನಿಂದ ಹೇಳಿ.

ಮೊಟ್ಟೆಯಿಂದ ಬಂದ ಹುಳು ಇಪ್ಪತ್ತೈದು ದಿನದ ಆಸುಪಾಸು ಹಿಪ್ಪುನೇರಳೆ ಸೊಪ್ಪು ತಿನ್ನುತ್ತೆ. ನಡುನಡುವೆ ನಾಲ್ಕು ಸಲ ತಿನ್ನುವುದು ಬಿಟ್ಟು ಚರ್ಮ ಕಳಚುತ್ತೆ. ರೈತರು ಇದನ್ನು ಜ್ವರ ಅನ್ನುತ್ತಾರೆ: ಮೊದಲನೇ ಜ್ವರ, ಎರಡನೇ ಜ್ವರ. ಕೊನೆಯ ಜ್ವರ ಕಳೆದ ಮೇಲೆ ಹುಳುವಿಗೆ ಎಲ್ಲಿಲ್ಲದ ಹಸಿವು. ಆಗ ಮನೆಮಂದಿಗೆಲ್ಲ ನಿದ್ದೆ ಇರುವುದಿಲ್ಲ, ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಇಡುವ ತಟ್ಟಿಗೆ, ಬಿಟ್ಟರೆ ಗೂಡು ಕಟ್ಟುತ್ತೆ. ಒಂದು ಗೂಡಿನಲ್ಲಿ ಸುಮಾರು 600ರಿಂದ 1000 ಮೀಟರ್ ಉದ್ದದ ಎಳೆ ಇರುತ್ತೆ. ಹಾಗೇ ಬಿಟ್ಟರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತೆ, ಎಳೆ ತುಂಡು ತುಂಡಾಗುತ್ತೆ. ಅದಕ್ಕೇ ಬಿಸಿಗೆ ಒಡ್ಡಿ ಕೋಶವನ್ನು ಕೊಂದು, ಆಮೇಲೆ ಬಿಸಿ ನೀರಿನಲ್ಲಿ ನೆನೆಸಿ ನೂಲು ಬಿಚ್ಚುತ್ತಾರೆ.

ಚಿಟ್ಟೆ ಹೊರಗೆ ಬಂದ ಮೇಲೆ ತುಂಡು ಎಳೆಯನ್ನು ಹತ್ತಿಯ ಹಾಗೆ ನೂತು ನೇಯುವವರೂ ಇದ್ದಾರೆ. ಆ ಬಟ್ಟೆಗೆ ಮೈಸೂರು ರೇಷ್ಮೆಯ ಹೊಳಪು ಇರುವುದಿಲ್ಲ. ಇಷ್ಟು ಹೇಳಿ ಸುಮ್ಮನಾಗಿ. ರೇಷ್ಮೆ ಉಡಬೇಕೋ ಬೇಡವೋ ಅಂತ ನೀವು ತೀರ್ಪು ಕೊಡಬೇಡಿ. "ನಾನು ದೊಡ್ಡವಳಾದ ಮೇಲೆ ರೇಷ್ಮೆ ಉಡಲ್ಲ" ಅಂದರೆ ಸರಿ ಅನ್ನಿ. ಹುಳು ಸಾಕುವ ಮನೆಯ ಹುಡುಗಿ ಅದೇ ಕ್ಲಾಸಿನಲ್ಲಿದ್ದರೆ ಅವಳ ಮಾತನ್ನೂ ಕೇಳಿಸಿ.

ಕ್ಲಾಸಲ್ಲಿ ಒಬ್ಬ ಹುಡುಗ "ನಮ್ಮಪ್ಪ ಕಬ್ಬು ಕಡಿಯೋರು" ಅಂದ. ಉಳಿದವರು ನಕ್ಕರು. ನಾನು ಆಗ ಏನು ಮಾಡ್ಬೇಕಿತ್ತು ಮೇಡಂ?

ಬುದ್ಧಿಮಾತು ಹೇಳಬೇಕಾಗಿರಲಿಲ್ಲ. "ಎಲ್ಲಾ ಕೆಲಸವೂ ಶ್ರೇಷ್ಠ" ಅಂತ ಮಿಸ್ ಹೇಳಿದ ತಕ್ಷಣ ಆ ಹುಡುಗನಿಗೆ ಇನ್ನೂ ಮುಜುಗರ. ಮಾರನೇ ದಿನ ಒಂದು ಜಲ್ಲೆ ಕಬ್ಬು ತನ್ನಿ. ಬುಡದ ತುಂಡು, ತುದಿಯ ತುಂಡು ಬೇರೆ ಮಾಡಿ ಎಲ್ಲರಿಗೂ ತಿನ್ನಲು ಕೊಡಿ. ಬುಡ ಸಿಹಿ, ತುದಿ ಸಪ್ಪೆ. ಈಗ ಕೇಳಿ: ಕಡಿಯುವಾಗ ನಾಲ್ಕು ಬೆರಳು ಮೇಲೆ ಕಡಿದರೆ ಏನಾಗುತ್ತೆ? ಸಿಹಿಯಾದ ಭಾಗ ನೆಲದಲ್ಲೇ ಉಳಿಯುತ್ತೆ. ಕಡಿದ ಬುಡದಿಂದ ಮತ್ತೆ ಬರುವ ಕೂಳೆ ಬೆಳೆಯೂ ಚೆನ್ನಾಗಿ ಚಿಗುರುವುದಿಲ್ಲ. ಅದಕ್ಕೇ ಬಗ್ಗಿ, ನೆಲಕ್ಕೆ ತಾಗಿದ ಹಾಗೆ ಕಡಿಯಬೇಕು. ಇಡೀ ದಿನ. ಗರಿಯ ಅಂಚು ಕೈ ಮುಖ ಕೊಯ್ಯುತ್ತೆ, ಅದಕ್ಕೆ ಆ ಬಿಸಿಲಲ್ಲೂ ತುಂಬು ತೋಳಿನ ಅಂಗಿ.

ಇಷ್ಟಾದ ಮೇಲೆ ಆ ಹುಡುಗನಿಗೆ ಏನಾದರೂ ಹೇಳಬೇಕು ಅನ್ನಿಸಿದರೆ ಹೇಳುತ್ತಾನೆ. ಅವನನ್ನು ಎಬ್ಬಿಸಿ ನಿಲ್ಲಿಸಬೇಡಿ.

"ನಾನೂ ಶಾಲೆ ಬಿಟ್ಟು ಆಲೆಮನೆಗೆ ಹೋಗ್ತೀನಿ" ಅಂತ ಹಟ ಹಿಡಿದಿದ್ದಾನೆ. ಇದೆಲ್ಲ ಕಲಿಸಿ ತಪ್ಪಾಯ್ತಾ?

ಇಲ್ಲ, ಕೆಲಸ ಅವನಿಗೆ ಚೆನ್ನಾಗಿ ಕಂಡಿದೆ, ಅಷ್ಟೇ. ಸಹಾಯಕ್ಕೂ ದುಡಿಮೆಗೂ ಇರುವ ವ್ಯತ್ಯಾಸ ಹೇಳಿ. ಅಮ್ಮನ ಜೊತೆ ಅವರೆಕಾಯಿ ಸುಲಿಯುವುದು ಸಹಾಯ, ಸಾಕೆನಿಸಿದಾಗ ಎದ್ದು ಆಡಲು ಹೋಗಬಹುದು. ದುಡಿಮೆಯಲ್ಲಿ ಹಾಗೆ ಎದ್ದು ಹೋಗಲು ಆಗುವುದಿಲ್ಲ. 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ, 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. 1986ರ ಕಾಯ್ದೆ, 2016ರಲ್ಲಿ ತಿದ್ದುಪಡಿಯಾದ ಮೇಲೆ ಹೀಗಿದೆ. ಶಾಲೆ ಮುಗಿದ ಮೇಲೆ ಮನೆಯವರಿಗೆ ಅಪಾಯವಿಲ್ಲದ ಕೆಲಸದಲ್ಲಿ ಕೈಜೋಡಿಸಲು ಅಡ್ಡಿಯಿಲ್ಲ.

ದುಡ್ಡಿನ ವಿಷಯ ಹೇಳ್ಬೇಕಾ? ಯಾರಿಗೆ ಎಷ್ಟು ಸಿಗುತ್ತೆ ಅಂತೆಲ್ಲ ಚಿಕ್ಕ ಮಕ್ಕಳಿಗೆ ಯಾಕೆ?

ಏಳು ವರ್ಷ ದಾಟಿದರೆ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ಕೆಲಸಗಾರರು ಖುಷಿಗೆ ದುಡಿಯುತ್ತಾರೆ ಅಂತ ಮಕ್ಕಳು ತಿಳಿಯುತ್ತಾರೆ.

ರೂಪಾಯಿ ಬೇಡ, ಹುಣಸೆ ಬೀಜ ಸಾಕು. 20 ಬೀಜ ಅಂದರೆ ಒಂದು ಅಚ್ಚು ಬೆಲ್ಲದ ಬೆಲೆ ಅಂತ ಇಟ್ಟುಕೊಳ್ಳಿ. ಒಬ್ಬರು ರೈತ, ಒಬ್ಬರು ಕಬ್ಬು ಕಡಿಯುವವರು, ಒಬ್ಬರು ಆಲೆಮನೆಯವರು, ಒಬ್ಬರು ಲಾರಿ ಡ್ರೈವರ್, ಒಬ್ಬರು ಮಂಡಿಯವರು, ಒಬ್ಬರು ಅಂಗಡಿಯವರು. ಅವರೇ ಹಂಚಿಕೊಳ್ಳಲಿ. ಮೊದಲು ಎಲ್ಲರೂ ಸಮ ಸಮ ಅನ್ನುತ್ತಾರೆ. ಆಗ ರೈತನಾದವನು "ನಾನು ವರ್ಷ ಪೂರ್ತಿ ಕಾದಿದ್ದೀನಿ" ಅನ್ನುತ್ತಾನೆ. ಕಡಿಯುವವಳು "ನನಗೆ ಬೆನ್ನು ನೋವು" ಅನ್ನುತ್ತಾಳೆ. ಆಮೇಲೆ ನೀವು ಒಂದು ಚೀಟಿ ಎತ್ತಿ: "ಮಂಡಿಯಲ್ಲಿ ರೇಟು ಬಿತ್ತು, ಈಗ 14 ಬೀಜ ಮಾತ್ರ." ಯಾರು ಬಿಟ್ಟುಕೊಡುತ್ತಾರೆ? ಕೂಲಿಯವರಿಗೆ ಅವತ್ತಿನ ಕೂಲಿ ಅವತ್ತೇ ಕೊಡಬೇಕು. ಲಾರಿಗೆ ಡೀಸೆಲ್ ಹಾಕಲೇಬೇಕು. ಕೊನೆಗೆ ಹೊಡೆತ ರೈತನಿಗೇ ಬೀಳುತ್ತೆ ಅಂತ ಮಕ್ಕಳೇ ಕಂಡುಕೊಳ್ಳುತ್ತಾರೆ. ಮಂಡ್ಯದ ಮಕ್ಕಳಿಗೆ ಇದು ಹೊಸದೇನಲ್ಲ, ಮನೆಯಲ್ಲಿ ಕೇಳಿಯೇ ಇರುತ್ತಾರೆ. ಸಕ್ಕರೆ ಕಾರ್ಖಾನೆಗೆ ಹಾಕುವ ಕಬ್ಬಿಗಾದರೆ ಕೇಂದ್ರ ಸರ್ಕಾರ ಪ್ರತಿ ವರ್ಷ ಕನಿಷ್ಠ ಬೆಲೆ ಗೊತ್ತು ಮಾಡುತ್ತೆ ಅನ್ನುವುದನ್ನು ನಾಲ್ಕನೇ ತರಗತಿಯವರಿಗೆ ಹೇಳಬಹುದು.

## ಸ್ವಲ್ಪ ದೊಡ್ಡ ಮಕ್ಕಳಿಗೆ

ಎಲ್ಲಾ ನಮ್ಮೂರಲ್ಲೇ ಆಗುತ್ತೆ ಅಂತ ತಿಳ್ಕೊಂಡಿದ್ದಾರೆ. ದೂರದ್ದು ಹೇಗೆ ಹೇಳೋದು?

ಮದ್ದೂರು ವಡೆ ತಿನ್ನಿಸಿ. ಹೆಸರು ನಮ್ಮದು, ಒಳಗಿರುವುದು ಎಲ್ಲೆಲ್ಲಿಯದೋ. ಅಕ್ಕಿ ಹಿಟ್ಟು ಇಲ್ಲಿಯದೇ ಇರಬಹುದು. ರವೆ, ಮೈದಾ ಗೋಧಿಯದು, ಗೋಧಿ ಹೆಚ್ಚಾಗಿ ಬೆಳೆಯುವುದು ಉತ್ತರ ಭಾರತದಲ್ಲಿ. ಈರುಳ್ಳಿ ಚಿತ್ರದುರ್ಗದ ಕಡೆಯದಾಗಿರಬಹುದು. ಉಪ್ಪು ಸಮುದ್ರದ್ದು, ದೇಶದ ಉಪ್ಪಿನ ಬಹುಪಾಲು ಗುಜರಾತಿನದು. ಕರಿಯುವ ಎಣ್ಣೆ? ಭಾರತ ತಾಳೆ ಎಣ್ಣೆಯನ್ನು ಇಂಡೋನೇಷ್ಯಾ, ಮಲೇಷ್ಯಾದಿಂದ ತರಿಸಿಕೊಳ್ಳುತ್ತೆ, ಸೂರ್ಯಕಾಂತಿ ಎಣ್ಣೆಯನ್ನು ರಷ್ಯಾ, ಉಕ್ರೇನ್‌ನಿಂದ. 2022ರಲ್ಲಿ ಅಲ್ಲಿ ಯುದ್ಧ ಶುರುವಾದಾಗ ನಮ್ಮ ಅಡುಗೆಮನೆಯಲ್ಲಿ ಎಣ್ಣೆ ದುಬಾರಿಯಾಗಿದ್ದು ಇದೇ ಕಾರಣಕ್ಕೆ. ಗೋಡೆಯ ಮ್ಯಾಪಿನಲ್ಲಿ ಮದ್ದೂರಿಗೆ ಒಂದು ಪಿನ್ ಚುಚ್ಚಿ, ಒಂದೊಂದಕ್ಕೂ ದಾರ ಎಳೆಸಿ. ವಡೆ ಮೊದಲೇ ತಿಂದು ಮುಗಿಸಿರಬೇಕು, ಇಲ್ಲದಿದ್ದರೆ ಮ್ಯಾಪಿನ ತುಂಬ ಎಣ್ಣೆ.

ಬಸ್ ಡ್ರೈವರ್, ಪೌರಕಾರ್ಮಿಕರು ಏನೂ ತಯಾರು ಮಾಡಲ್ಲವಲ್ಲ. ಅವರನ್ನ ಎಲ್ಲಿ ಸೇರಿಸೋದು?

ವಸ್ತುವಿನ ದಾರಿಯಲ್ಲೇ ಸೇರಿಸಿ, ಬೇರೆ ಪಟ್ಟಿ ಮಾಡಬೇಡಿ. ನಾಲೆಯ ತೂಬು ನೋಡಿಕೊಳ್ಳುವ ನೀರಗಂಟಿ ಭತ್ತ ಬೆಳೆಯುವುದಿಲ್ಲ. ಅವರು ಒಂದು ವಾರ ಬರದಿದ್ದರೆ ಕೊನೆಯ ಗದ್ದೆಗೆ ನೀರು ತಲುಪುವುದಿಲ್ಲ. "ಇವರು ಬರದಿದ್ದರೆ ಏನಾಗುತ್ತೆ?" ಅನ್ನುವ ಒಂದು ಪ್ರಶ್ನೆ ಸಾಕು.

ವಿಜ್ಞಾನಿಗಳೂ ಕೆಲಸಗಾರರಾ?

ಹೌದು. ರಾಗಿ ಮುದ್ದೆಯ ಉದಾಹರಣೆ ಕೊಡಿ. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ ಲಕ್ಷ್ಮಣಯ್ಯ ಅವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ರಾಗಿ ಹೂವು ಎಷ್ಟು ಚಿಕ್ಕದು ಅಂತ ಒಂದು ತೆನೆ ತಂದು ಭೂತಗನ್ನಡಿಯಲ್ಲಿ ತೋರಿಸಿ. ಅಂಥದ್ದರಲ್ಲಿ ಎರಡು ತಳಿ ಕೂಡಿಸುವ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕು ಅಂತ ತಿಳಿಯುತ್ತೆ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು.

ಸಂಪನ್ಮೂಲ ಖಾಲಿಯಾಗುತ್ತೆ ಅಂತ ಹೇಳಿದ್ರೆ ಮಕ್ಕಳು ಹೆದರಿಕೊಳ್ತಾರೆ. ಹೇಗೆ ಹೇಳೋದು?

ಭೂಮಿ ಮುಗಿದೇ ಹೋಗುತ್ತೆ ಅಂತ ಹೇಳಬೇಡಿ. ಅವರಿಗೆ ಗೊತ್ತಿರುವ ಒಂದು ಅಣೆಕಟ್ಟಿನ ಲೆಕ್ಕ ಹೇಳಿ. ಕೆಆರ್‌ಎಸ್ ತುಂಬಿದರೆ 124.80 ಅಡಿ. 2023ರಲ್ಲಿ ಮಳೆ ಕೈಕೊಟ್ಟು ತುಂಬಲೇ ಇಲ್ಲ. 2024ರಲ್ಲಿ ತುಂಬಿತು. ಕಬ್ಬಿಗೆ ವರ್ಷ ಪೂರ್ತಿ ನೀರು ಬೇಕು, ರಾಗಿಗೆ ಅಷ್ಟು ಬೇಡ. ನೀರು ಕಡಿಮೆ ಇದ್ದ ವರ್ಷ ಏನು ಹಾಕುತ್ತೀಯ ಅಂತ ಕೇಳಿ. ಪೇಪರಿನಲ್ಲಿ ಬರುವ ನೀರಿನ ಮಟ್ಟವನ್ನು ವಾರಕ್ಕೊಮ್ಮೆ ಗೋಡೆಯ ಮೇಲೆ ಬರೆಸಿ.

ಶ್ರೀಗಂಧ ಇನ್ನೊಂದು ಥರ. ಮೊದಲನೇ ಮಹಾಯುದ್ಧದಲ್ಲಿ ಗಂಧದ ಮರ ಹೊರದೇಶಕ್ಕೆ ಕಳಿಸಲು ಆಗದೆ ರಾಶಿ ಬಿದ್ದಿತ್ತು. ಅದರ ಎಣ್ಣೆ ತೆಗೆಯೋಣ ಅಂತ ಹೊರಟು, ಕೊನೆಗೆ ಸೋಪಿನವರೆಗೂ ಬಂದಿತು. ಅಷ್ಟು ಮರ ಇದ್ದ ನಾಡಿನಲ್ಲಿ ಈಗ ಕಾಡಿನ ಗಂಧ ನೋಡುವುದೇ ಅಪರೂಪ. ನೀರು ಮುಂದಿನ ಮಳೆಗೆ ಬರುತ್ತೆ. ಗಂಧದ ಮರದ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಬಲಿಯಲು ಹದಿನೈದು ಇಪ್ಪತ್ತು ವರ್ಷವಾದರೂ ಬೇಕು. ಒಂಬತ್ತು ವರ್ಷದ ಮಗುವಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತೆ.

ಮಗಳು ಈಗ ಪ್ರತಿಯೊಂದಕ್ಕೂ "ಇದು ಯಾರು ಮಾಡಿದ್ದು" ಅಂತ ತಲೆ ತಿಂತಿದ್ದಾಳೆ. ನನಗೇ ಗೊತ್ತಿಲ್ಲದಿದ್ರೆ?

ಗೊತ್ತಿಲ್ಲ ಅನ್ನಿ, ಪ್ಯಾಕೆಟ್ ತಿರುಗಿಸಿ ಇಬ್ಬರೂ ಓದಿ. ಮಾಡಿದವರ ವಿಳಾಸ ಅಲ್ಲಿ ಅಚ್ಚಾಗಿರಲೇಬೇಕು. ತಿನ್ನುವ ವಸ್ತುವಾದರೆ 14 ಅಂಕಿಯ ಲೈಸೆನ್ಸ್ ನಂಬರೂ ಇರುತ್ತೆ. ಒಂದು ನೋಟ್‌ಬುಕ್ ಕೊಟ್ಟು ಊರಿನ ಹೆಸರು ಬರೆದುಕೊಳ್ಳಲು ಹೇಳಿ. ಓದಲು ಬಾರದಿದ್ದರೆ ರ‍್ಯಾಪರ್ ಅಂಟಿಸಲಿ. ವಿಳಾಸ ಕಂಪನಿಯದು, ಕೈಯಾರೆ ಮಾಡಿದವರ ಹೆಸರು ಅಲ್ಲಿರುವುದಿಲ್ಲ. ಒಂದಲ್ಲ ಒಂದು ದಿನ ಅವಳು ಅದನ್ನೂ ಕೇಳುತ್ತಾಳೆ.